ಲೆಕ್ಕಕ್ಕುಂಟು, ಆಟಕ್ಕಿಲ್ಲ

ನನ್ನ ಮೇಜಿನ ಹಿಂದಿನ ಗೋಡೆಯಲ್ಲಿ ಗಾಜು ಹಾಕಿಸಿದ ಒಂದು ಕಾಗದ ತೂಗುತ್ತಿದೆ, ಹಳೆಯ ಕಾರು ಮಾರುವ ಪರವಾನಗಿ. ಅದರ ಪ್ರಕಾರ ನಮ್ಮ ಅಂಗಳದಲ್ಲಿ ಮಾರಾಟಕ್ಕೆಂದು 20 ಕಾರುಗಳು ನಿಲ್ಲಬಹುದು. 21ನೆಯದು ನಿಂತರೆ ತಪ್ಪು. ಬೀದಿಯಲ್ಲಿ ಒಂದೂ ನಿಲ್ಲುವಂತಿಲ್ಲ. ಕೆಳಗೆ ನಗರದ ಮೊಹರು, ಕ್ಲರ್ಕ್ ಸಹಿ. ಅಂಗಡಿಯ ಯಜಮಾನರು ಕೇಳಿದ್ದು 24. ನನ್ನ ಬಾಯಿಂದಾಗಿ ಸಿಕ್ಕಿದ್ದು 20. ಅದನ್ನು ಹೇಳಿಕೊಳ್ಳಲೆಂದೇ ಬರೆಯಲು ಕುಳಿತೆ. ಆದರೆ ಅದೇ ಸಂಜೆ, ಅದೇ ಸಭೆಯಲ್ಲಿ ನಮ್ಮ ಬೀದಿಯ ನಡುವೆ ಒಂದು ಗೆರೆಯನ್ನೂ ಎಳೆದರು. ಅದನ್ನು ಬಿಟ್ಟು ಇದನ್ನು ಹೇಳಲು ಆಗುತ್ತಿಲ್ಲ.

ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ನಡುಗಾತ್ರದ ಊರಿನಲ್ಲಿ. ಮನೆಯಿಂದ ಏಳು ನಿಮಿಷ ನಡೆದರೆ, ಅದೇ ಬೀದಿಯಲ್ಲಿ, ಹಳೆಯ ಕಾರು ಮಾರುವ ಅಂಗಡಿ. ವಾರಕ್ಕೆ ಮೂರು ದಿನ ಅಲ್ಲಿ ಲೆಕ್ಕ ಬರೆಯುತ್ತೇನೆ. ಯಜಮಾನರು ಹುಡುಗನಾಗಿದ್ದಾಗ ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್ ದ್ವೀಪಸಮೂಹದಿಂದ ಬಂದವರು. ಈಗ ಎಪ್ಪತ್ತು ದಾಟಿದೆ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾರೆ. ಕಾಗದ ಕಂಡರೆ ಮಾತ್ರ ಮುಖ ಕಿವುಚಿಕೊಳ್ಳುತ್ತಾರೆ. ಆ ಕಿವುಚುವಿಕೆಯಿಂದಲೇ ನನಗೆ ಸಂಬಳ.

ಇಲ್ಲಿ ವಾಹನದ ಕಾಗದಗಳು ಒಂದೇ ಬಾಗಿಲಿನಿಂದ ಬರುವುದಿಲ್ಲ. ನಂಬರ್ ಪ್ಲೇಟು, ಚಾಲನಾ ಪರವಾನಗಿ ಎರಡೂ ರಾಜ್ಯದ ಕೆಲಸ. ಆ ಕಚೇರಿಯನ್ನು ಎಲ್ಲರೂ ‘ರಿಜಿಸ್ಟ್ರಿ’ ಎನ್ನುತ್ತಾರೆ. ಕಾರಿಗೆ ವರ್ಷಕ್ಕೊಮ್ಮೆ ಕಟ್ಟುವ ತೆರಿಗೆಯ ಬಿಲ್ಲು ಊರಿನಿಂದ ಬರುತ್ತದೆ: ಸಾವಿರ ಡಾಲರ್ ಮೌಲ್ಯಕ್ಕೆ 25 ಡಾಲರ್. ಆ ಮೌಲ್ಯ ಕಾರಿನ ಮೂಲ ಬೆಲೆಯ ಮೇಲೆ ನಿಂತಿರುತ್ತದೆ. ಐದನೆಯ ವರ್ಷಕ್ಕೆ ಅದರ ಹತ್ತನೆಯ ಒಂದು ಪಾಲಿಗೆ ಇಳಿದು, ಮುಂದೆ ಅಲ್ಲೇ ನಿಲ್ಲುತ್ತದೆ. ಇನ್ನು ಕಾರನ್ನು ಮಾರುವ ವ್ಯಾಪಾರವನ್ನು ಯಾರು ಮಾಡಬಹುದು, ಎಲ್ಲಿ ಮಾಡಬಹುದು ಎಂಬುದನ್ನು ನಮ್ಮಲ್ಲಿ ತೀರ್ಮಾನಿಸುವುದು ನಗರಸಭೆ. ಇದರಲ್ಲಿ ಮೂರು ವರ್ಗ. ಹೊಸ ಕಾರು ಮಾರುವವರದು ಒಂದು, ಹಳೆಯದನ್ನು ಮಾರುವವರದು ಎರಡು, ಗುಜರಿಯವರದು ಮೂರು. ನಮ್ಮದು ‘ಕ್ಲಾಸ್ ಟೂ’. ಪರವಾನಗಿಯನ್ನು ಯಾವ ತಿಂಗಳಲ್ಲಿ ಪಡೆದಿದ್ದರೂ ಜನವರಿ 1ಕ್ಕೆ ಅದರ ಆಯುಷ್ಯ ತೀರುತ್ತದೆ. ಶುಲ್ಕ 200 ಡಾಲರ್ ಮೀರುವಂತಿಲ್ಲ, ಅದು ಹಗುರ. ಭಾರವಾದದ್ದು ಅದರ ಬಾಲ: 25,000 ಡಾಲರಿನ ಬಾಂಡು ಎಂಬ ಜಾಮೀನು ಪತ್ರ, ಮಾರಿದ ಕಾರು ಕೆಟ್ಟರೆ ರಿಪೇರಿ ಮಾಡಿಕೊಡುವ ವ್ಯವಸ್ಥೆಗೆ ಪುರಾವೆ, ಬಂದ ಕಾರು ಹೋದ ಕಾರು ಎಲ್ಲವನ್ನೂ ಬರೆದಿಡುವ ಪುಸ್ತಕ. ಆ ಪುಸ್ತಕವನ್ನು ಪೊಲೀಸರು ಬಂದು ನೋಡಬಹುದು. ಅದನ್ನು ಬರೆಯುವವಳು ನಾನೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೀಗಾಗಿ ಪ್ರತಿ ಡಿಸೆಂಬರ್‌ನಲ್ಲಿ ಕಡತ ಕಂಕುಳಲ್ಲಿಟ್ಟುಕೊಂಡು ನಾನು ನಗರಸಭೆಗೆ ಹೋಗುವುದು ರೂಢಿಯಾಯಿತು. ಸದಸ್ಯರು ಏನಾದರೂ ಕೇಳಿದರೆ ಉತ್ತರಿಸಲು ಅಂಗಡಿಯವರೊಬ್ಬರು ಇರಲಿ ಎಂದು ಕ್ಲರ್ಕ್ ಕಚೇರಿಯಲ್ಲಿ ಹೇಳಿದ್ದರು. ಮೊದಲ ವರ್ಷ ಹತ್ತು ನಿಮಿಷದ ಕೆಲಸವೆಂದು ಒಲೆಯ ಮೇಲೆ ಬೇಳೆ ಇಟ್ಟು, ಮಗಳಿಗೆ ನೋಡಿಕೊಳ್ಳಲು ಹೇಳಿ ಹೋದೆ. ಎರಡೂವರೆ ಗಂಟೆ ಕುಳಿತೆ. ಬೇಳೆಯ ಗತಿಯನ್ನು ಹೇಳಬೇಕಾಗಿಲ್ಲ.

ಕುಳಿತು ಕುಳಿತು ರುಚಿ ಹತ್ತಿತು ಎನ್ನಲು ಸ್ವಲ್ಪ ನಾಚಿಕೆ. ವಿದ್ಯುತ್ ಕಂಪನಿ ಬೀದಿಯಲ್ಲಿ ಹೊಸದೊಂದು ಕಂಬ ನೆಡಬೇಕೆಂದರೂ ಇಲ್ಲಿ ಸಾರ್ವಜನಿಕ ವಿಚಾರಣೆ ಆಗಬೇಕು. ‘ಪರವಾಗಿ ಮಾತಾಡುವವರು ಇದ್ದಾರೆಯೇ? ವಿರೋಧವಾಗಿ?’ ಎಂದು ಅಧ್ಯಕ್ಷೆ ಖಾಲಿ ಕುರ್ಚಿಗಳನ್ನು ಎರಡು ಸಲ ಕೇಳುತ್ತಾರೆ. ಕುರ್ಚಿಗಳು ಮೌನವಾಗಿದ್ದರೆ ಕಂಬ ನಿಲ್ಲುತ್ತದೆ. ದೊಡ್ಡ ಗ್ಯಾರೇಜು ಕಟ್ಟುವವರು ಬೆಂಕಿ ಹತ್ತುವ ವಸ್ತುಗಳನ್ನು ಇಟ್ಟುಕೊಳ್ಳುವ ಪರವಾನಗಿಯನ್ನು ಬೇರೆಯಾಗಿ ಕೇಳಬೇಕು. ನಿಂತ ಕಾರುಗಳ ಟ್ಯಾಂಕಿನಲ್ಲಿರುವ ಪೆಟ್ರೋಲ್ ಕೂಡ ಅದರ ಲೆಕ್ಕಕ್ಕೆ ಬರುತ್ತದೆ ಎಂದು ತಿಳಿದ ದಿನ ಲೆಕ್ಕದವಳಾಗಿ ನನಗೆ ರೋಮಾಂಚನವಾಯಿತು. ಟ್ಯಾಕ್ಸಿಗಳಿಗೆ ಇಲ್ಲಿನ ಕಡತಗಳಲ್ಲಿ ಇಂದಿಗೂ ‘ಹ್ಯಾಕ್ನಿ’ ಎಂಬ ಹಳೆಯ ಬಾಡಿಗೆ ಕುದುರೆಗಾಡಿಯ ಹೆಸರು. ಕುದುರೆ ಬಿಟ್ಟುಹೋಗಿ ನೂರು ವರ್ಷವಾದರೂ ಅದರ ಹೆಸರು ಮೊಹರಿನಡಿಯಲ್ಲಿ ಉಳಿದಿದೆ. ಆ ಟ್ಯಾಕ್ಸಿಗಳೂ ಈಗ ಕಡಿಮೆ. ಮೊಬೈಲಿನಲ್ಲಿ ಕರೆಯುವ ಬಾಡಿಗೆ ಕಾರುಗಳನ್ನು 2016ರ ಕಾನೂನು ನೇರವಾಗಿ ರಾಜ್ಯದ ಕೈಗೆ ಕೊಟ್ಟಿತು. ಒಂದೊಂದು ಸವಾರಿಗೆ 20 ಸೆಂಟ್ ವಸೂಲು ಮಾಡಿ, ಅದರಲ್ಲಿ 10 ಸೆಂಟನ್ನು ಸವಾರಿ ಹೊರಟ ಊರಿಗೆ ಕೊಡುವ ಏರ್ಪಾಡಾಯಿತು. ಅಧಿಕಾರ ಹೋಗಿ ಚಿಲ್ಲರೆ ಉಳಿಯಿತು ಎಂದು ಸದಸ್ಯರೊಬ್ಬರು ಒಮ್ಮೆ ಗೊಣಗಿದ್ದರು.

ಈಗ ಆ ಸಂಜೆ. 2021ರ ನವೆಂಬರ್. ಅಂಗಡಿಯ ಪರವಾನಗಿಯಲ್ಲಿ ಆಗ ಇದ್ದದ್ದು 18 ಕಾರು. ಅದನ್ನು 24ಕ್ಕೆ ಏರಿಸಬೇಕೆಂದು ಅರ್ಜಿ ಹಾಕಿದ್ದೆವು. ಯಜಮಾನರು ಕೋಟು ಹಾಕಿಕೊಂಡು ಬಂದಿದ್ದರು. 48 ಗಂಟೆ ಮೊದಲೇ ಕಾರ್ಯಸೂಚಿ ಅಂಟಿಸಬೇಕೆಂಬುದು ಇಲ್ಲಿನ ಕಾನೂನು. ಅದಕ್ಕೆ ಶನಿವಾರ, ಭಾನುವಾರ, ರಜೆ ಸೇರುವುದಿಲ್ಲ. ಹಾಗಾಗಿ ನಮ್ಮ ಸರದಿ ಯಾವಾಗ ಬರುತ್ತದೆಂದು ನನಗೆ ಗೊತ್ತಿತ್ತು. ನಮಗಿಂತ ಮೊದಲು ‘ವಾರ್ಡ್ ಮತ್ತು ಪ್ರಿಸಿಂಕ್ಟ್‌ಗಳ ಮರುವಿಂಗಡಣೆ’ ಎಂಬ ವಿಷಯವಿತ್ತು. ಟಿಪ್ಪಣಿ ಪುಸ್ತಕ ತೆಗೆದು ಅಂಗಡಿಯ ಲೆಕ್ಕ ಕೂಡಿಸೋಣ ಎಂದುಕೊಂಡೆ.

ಚುನಾವಣಾ ವಿಭಾಗದ ಹೆಂಗಸು ನಕ್ಷೆ ಬಿಡಿಸಿದರು. ಪ್ರಿಸಿಂಕ್ಟ್ ಎಂದರೆ ವಾರ್ಡಿನೊಳಗಿನ ತುಂಡು. ಒಂದು ತುಂಡಿಗೆ ಒಂದು ಮತಗಟ್ಟೆ. ಒಂದರಲ್ಲಿ 4,000ಕ್ಕಿಂತ ಹೆಚ್ಚು ನಿವಾಸಿಗಳಿರುವಂತಿಲ್ಲ. ಹತ್ತು ವರ್ಷಕ್ಕೊಮ್ಮೆ ಜನಗಣತಿಯ ಅಂಕಿ ಬಂದ ಮೇಲೆ ಅಳೆದು ಹೊಸದಾಗಿ ಹಂಚಬೇಕು. ಸಾಮಾನ್ಯವಾಗಿ ಊರುಗಳು ಮೊದಲು ಈ ತುಂಡುಗಳನ್ನು ಮಾಡುತ್ತವೆ. ರಾಜ್ಯದ ಶಾಸನಸಭೆ ಆಮೇಲೆ ಅವುಗಳನ್ನು ಇಟ್ಟಿಗೆಯಂತೆ ಜೋಡಿಸಿ ತನ್ನ ಕ್ಷೇತ್ರಗಳನ್ನು ಕಟ್ಟುತ್ತದೆ. ಆ ಸಲ 2020ರ ಗಣತಿಯ ವಿವರವಾದ ಅಂಕಿಗಳು ಬಂದದ್ದೇ 2021ರ ಆಗಸ್ಟ್‌ನಲ್ಲಿ. ಹಾಗಾಗಿ ಶಾಸನಸಭೆ ಕಾನೂನು ತಿದ್ದಿ, ತನ್ನ ಮನೆ ಮೊದಲು ಕಟ್ಟಿಕೊಂಡು, ಇಟ್ಟಿಗೆ ಕೊಯ್ಯುವ ಕೆಲಸವನ್ನು ಊರುಗಳಿಗೆ ಆಮೇಲೆ ಬಿಟ್ಟಿತು. ಆ ಹೆಂಗಸು ಇದನ್ನು ಹೇಳುವಾಗ ದನಿಯಲ್ಲಿ ಏನೂ ತೋರಿಸಲಿಲ್ಲ. ಕಣ್ಣ ಕೆಳಗಿನ ಕಪ್ಪು ಮಾತ್ರ ಕಾಣುತ್ತಿತ್ತು.

ನಮ್ಮ ಪ್ರಿಸಿಂಕ್ಟ್ ಮಿತಿ ಮೀರಿತ್ತು. ರೈಲು ನಿಲ್ದಾಣದ ಬಳಿ ಎದ್ದ ಹೊಸ ಅಪಾರ್ಟ್‌ಮೆಂಟುಗಳೇ ಕಾರಣ. ಅದನ್ನು ಸೀಳಬೇಕು. ಎಲ್ಲಿ ಸೀಳುವುದು? ಆದಷ್ಟು ಮಟ್ಟಿಗೆ ಜನರಿಗೆ ಗೊತ್ತಿರುವ ಬೀದಿಯ ನಡುಗೆರೆಯೇ ಗಡಿಯಾಗಬೇಕು ಎಂದು ಕಾನೂನಿದೆ. ಆಕೆಯ ಬೆರಳು ನಕ್ಷೆಯ ಮೇಲೆ ಸರಿಯುತ್ತ ಬಂದು ನಮ್ಮ ಬೀದಿಯ ಮೇಲೆ ನಿಂತಿತು. ಬೆಸ ಸಂಖ್ಯೆಯ ಮನೆಗಳು ಹಳೆಯ ಶಾಲೆಯ ಮತಗಟ್ಟೆಯಲ್ಲೇ ಉಳಿಯುತ್ತವೆ, ಸಮಸಂಖ್ಯೆಯವು ಹಿರಿಯ ನಾಗರಿಕರ ಭವನಕ್ಕೆ ಹೋಗುತ್ತವೆ. ನಮ್ಮದು ಸಮ. ಎದುರು ಮನೆಯ ಗೆಳತಿಯದು ಬೆಸ. ಇಬ್ಬರೂ ಹಿಮ ಎತ್ತುವ ಸಲಿಕೆಯನ್ನು ಹಂಚಿಕೊಳ್ಳುವವರು.

ಅಂಗಡಿಯ ಲೆಕ್ಕ ಅಲ್ಲೇ ನಿಂತಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಗೆರೆಯಲ್ಲ, ‘ನಿವಾಸಿಗಳು’ ಎಂಬ ಮಾತು. ಮತದಾರರು ಎಂದಿರಲಿಲ್ಲ. ತೊಟ್ಟಿಲ ಕೂಸು, ಗ್ರೀನ್ ಕಾರ್ಡಿನವರು, ವೀಸಾದ ಮೇಲಿರುವವರು, ಕಾಗದವೇ ಇಲ್ಲದವರು, ಎಲ್ಲರೂ ಆ 4,000ದಲ್ಲಿ ಒಬ್ಬೊಬ್ಬರು. ಗಣತಿಯ ನಮೂನೆಯಲ್ಲಿ ಪೌರತ್ವದ ಪ್ರಶ್ನೆ ಸೇರಿಸುವ ಪ್ರಯತ್ನ ನಡೆದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ತಡೆದ ಮೇಲೆ ಅದು ಬಿದ್ದುಹೋಯಿತು. 2020ರ ವಸಂತದಲ್ಲಿ, ಹೊರಗೆ ಯಾರೂ ಕಾಲಿಡದ ದಿನಗಳಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಆ ನಮೂನೆ ತುಂಬಿದವಳು ನಾನೇ. ನಾವು ಮೂವರು. ಆಗ ನಮ್ಮವರಿಗಾಗಲಿ ನನಗಾಗಲಿ ಮತವಿರಲಿಲ್ಲ. ಇಲ್ಲೇ ಹುಟ್ಟಿದ ಮಗಳಿಗೆ ವಯಸ್ಸಾಗಿರಲಿಲ್ಲ. ಆದರೂ ಪ್ರಿಸಿಂಕ್ಟ್ ಉಬ್ಬಿ ಒಡೆದದ್ದರಲ್ಲಿ ನಮ್ಮ ಮೂರು ತಲೆಗಳೂ ಸೇರಿದ್ದವು.

ಚಿಕ್ಕವಳಿದ್ದಾಗ ಕುಂಟೆಬಿಲ್ಲೆಗೆ ಹೋದರೆ ಅಕ್ಕಂದಿರು ನನ್ನನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಮಾಡುತ್ತಿದ್ದರು. ಕುಣಿಯಬಹುದು, ಔಟಾದರೂ ಆಗಲಿಲ್ಲ, ಗೆದ್ದರೂ ಗೆಲ್ಲಲಿಲ್ಲ. ಇಲ್ಲಿ ಅದು ತಿರುಗಿ ಕುಳಿತಿತ್ತು. ಇಲ್ಲಿಗೆ ಬಂದ 2006ರಿಂದ ನಾನು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇಂಥ ಗೆರೆಗಳ ವಿಷಯದಲ್ಲಿ ಈ ರಾಜ್ಯಕ್ಕೆ ಹಳೆಯ ಕೀರ್ತಿಯೊಂದಿದೆ. 1812ರಲ್ಲಿ ಇಲ್ಲಿನ ಗವರ್ನರ್ ಎಲ್ಬ್ರಿಜ್ ಗೆರಿ ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ರಾಜ್ಯದ ಸೆನೆಟ್ ಕ್ಷೇತ್ರಗಳನ್ನು ಹೊಸೆದ ಮಸೂದೆಗೆ ಸಹಿ ಹಾಕಿದ. ಎಸೆಕ್ಸ್ ಕೌಂಟಿಯ ಒಂದು ಕ್ಷೇತ್ರ ಎಷ್ಟು ಸೊಟ್ಟಗಿತ್ತೆಂದರೆ, ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬರೆದು ಸ್ಯಾಲಮಾಂಡರ್ ಎಂಬ ಹಲ್ಲಿಯಂಥ ಪ್ರಾಣಿ ಮಾಡಿತು. ಗೆರಿಯ ಹೆಸರಿಗೆ ಅದರ ಬಾಲ ಅಂಟಿಸಿ, ಪಕ್ಷದ ಲಾಭಕ್ಕೆ ಗೆರೆ ಸೊಟ್ಟಗೆ ಎಳೆಯುವುದಕ್ಕೆ ‘ಜೆರಿಮ್ಯಾಂಡರ್’ ಎಂಬ ಹೆಸರು ಹುಟ್ಟಿತು. ಮನುಷ್ಯನ ಹೆಸರಿನ ಉಚ್ಚಾರಣೆ ಗೆರಿ, ಹಲ್ಲಿಯದು ಜೆರಿ. ಅದೇ ವರ್ಷ ಅವನು ಗವರ್ನರ್ ಚುನಾವಣೆ ಸೋತ. ಆಮೇಲೆ ದೇಶದ ಉಪಾಧ್ಯಕ್ಷನಾದ. ನಮ್ಮ ಊರಿನ ನಕ್ಷೆಯಲ್ಲಿ ಹಲ್ಲಿಯೇನೂ ಇರಲಿಲ್ಲ, ನಾನು ಹುಡುಕಿದೆ. ಸಾಧುವಾದ ಚೌಕಗಳೇ ಇದ್ದವು.

‘ಸಾರ್ವಜನಿಕರಲ್ಲಿ ಯಾರಾದರೂ ಮಾತಾಡುವವರು?’ ಯಾರೂ ಇಲ್ಲ. ಹೆಸರು ಕರೆದರು, ಹೌದು ಹೌದು ಎಂದರು, ಮುಗಿಯಿತು. ಸಾವಿರಾರು ಜನ ಹತ್ತು ವರ್ಷ ಯಾವ ಬಾಗಿಲಲ್ಲಿ ನಿಂತು ಮತ ಹಾಕಬೇಕೆಂಬುದಕ್ಕೆ ಮೂರು ನಿಮಿಷ ಸಾಕಾಯಿತು.

ನಮ್ಮ ಆರು ಕಾರುಗಳಿಗೆ ನಲವತ್ತು ನಿಮಿಷ ಹಿಡಿಯಿತು.

ಕಾರುಗಳೆಂದೊಡನೆ ಹಿಂದಿನ ಸಾಲುಗಳಿಂದ ಜನ ಎದ್ದು ಬಂದರು. ಒಬ್ಬರಿಗೆ ರಾತ್ರಿಯ ದೀಪದ ದೂರು. ಒಬ್ಬರಿಗೆ ಎಣ್ಣೆ ಚರಂಡಿಗೆ ಹೋಗುತ್ತದೆಂಬ ಅನುಮಾನ. ಪಕ್ಕದ ಮನೆಯ ಅಜ್ಜಿ, ಎಂಬತ್ತರ ಮೇಲಿನವರು, ಗಟ್ಟಿಯಾಗಿ ಹೇಳಿದರು: ‘ನನ್ನ ಬಾಗಿಲ ಮುಂದೆ ಯಾವಾಗಲೂ ಇವರ ಕಾರು ನಿಂತಿರುತ್ತದೆ. ಹಿಮ ತೆಗೆಯುವ ಗಾಡಿ ಅದನ್ನು ಸುತ್ತಿಕೊಂಡು ಹೋಗುತ್ತದೆ. ಉಳಿದ ಗುಡ್ಡೆಯನ್ನು ತೆಗೆಯುವವಳು ನಾನು.’ ಯಜಮಾನರು ಎದ್ದು, ತಮ್ಮ ಅಂಗಳ ಯಾವತ್ತೂ ಹದಿನೆಂಟರ ಆಸುಪಾಸಿನಲ್ಲೇ ಇರುತ್ತದೆ ಎಂದರು. ಆಸುಪಾಸು ಎಂಬ ಮಾತು ನನಗೆ ಅಲ್ಲೇ ಚುಚ್ಚಿತು.

ನಮ್ಮ ವಾರ್ಡಿನ ಸದಸ್ಯೆ ಕನ್ನಡಕ ಮೇಲೆತ್ತಿ ನನ್ನತ್ತ ತಿರುಗಿದರು. ‘ಪ್ರತಿ ಡಿಸೆಂಬರಿನಲ್ಲೂ ಬರುವವರು ನೀವೇ ಅಲ್ಲವೇ? ಪುಸ್ತಕ ಬರೆಯುವುದೂ ನೀವೇ. ಈ ಹೊತ್ತು ಅಲ್ಲಿ ಎಷ್ಟು ಕಾರುಗಳಿವೆ?’

ಯಜಮಾನರು ತಮ್ಮ ಟೈಯನ್ನೇ ನೋಡುತ್ತಿದ್ದರು. ನನಗೆ ನೆನಪಾದದ್ದು ಧರ್ಮವೂ ಅಲ್ಲ, ನ್ಯಾಯವೂ ಅಲ್ಲ. ನನ್ನ ಪೌರತ್ವದ ಅರ್ಜಿ ಆಗ ಕಚೇರಿಯೊಂದರಲ್ಲಿ ಕುಳಿತಿತ್ತು. ಸರ್ಕಾರಿ ಸಭೆಯಲ್ಲಿ, ಧ್ವನಿಮುದ್ರಣ ನಡೆಯುತ್ತಿರುವಾಗ, ಸುಳ್ಳು ಹೇಳಿದವಳೆಂದು ಎಲ್ಲಿಯಾದರೂ ದಾಖಲಾದರೆ ಎಂಬ ಭಯ. ‘ಇಪ್ಪತ್ತೊಂದು’ ಎಂದೆ. ‘ಎರಡು ರಿಪೇರಿಗೆ ಬಂದವು. ಒಂದು ಬೀದಿಯಲ್ಲಿದೆ.’

ಸಭೆಯಲ್ಲಿ ಸಣ್ಣ ನಗು ಓಡಾಡಿತು. ಆಮೇಲೆ ಚೌಕಾಸಿ ನಡೆದು 20ಕ್ಕೆ ನಿಂತಿತು. ಬೀದಿಯಲ್ಲಿ ಒಂದೂ ನಿಲ್ಲಬಾರದೆಂಬ ಷರತ್ತು ಸೇರಿತು. ಹಿಂದಿರುಗುವಾಗ ಯಜಮಾನರು ಎರಡು ಸಿಗ್ನಲ್ ದಾಟುವವರೆಗೆ ಮಾತಾಡಲಿಲ್ಲ. ಮೂರನೆಯದರಲ್ಲಿ, ‘ಹದಿನೆಂಟು ಎಂದಿದ್ದರೆ ಇಪ್ಪತ್ತನಾಲ್ಕು ಸಿಗುತ್ತಿತ್ತು’ ಎಂದರು. ಸಿಗುತ್ತಿರಲಿಲ್ಲ. ಸಭೆ ಮುಗಿದು ಮೆಟ್ಟಿಲಿಳಿಯುವಾಗ ಆ ಅಜ್ಜಿ ಕೈಚೀಲದಿಂದ ಒಂದು ಹಾಳೆ ತೆಗೆದು ತೋರಿಸಿದ್ದರು. ಸೆಪ್ಟೆಂಬರ್‌ನಿಂದ ದಿನಾಂಕ, ಎದುರಿಗೆ ಕಾರುಗಳ ಸಂಖ್ಯೆ, ಪೆನ್ಸಿಲ್ಲಿನಲ್ಲಿ. ಕಿಟಕಿಯಿಂದ ಎಣಿಸಿದ್ದು. ಆ ದಿನದ ಮುಂದೆ 21. ನನ್ನ ಪುಸ್ತಕಕ್ಕಿಂತ ಅಚ್ಚುಕಟ್ಟಾಗಿತ್ತು.

ಮರುವರ್ಷ, 2022ರಲ್ಲಿ, ನಮ್ಮವರೂ ನಾನೂ ಪ್ರಮಾಣ ಮಾಡಿ ಪೌರರಾದೆವು. ಮೊದಲ ಮತ ನವೆಂಬರ್ 8ರಂದು. ವಿಚಿತ್ರವೆಂದರೆ, ಆ ಮತಪತ್ರದಲ್ಲೂ ವಾಹನದ ಪರವಾನಗಿಯೇ ಕಾದಿತ್ತು. ಕಾನೂನುಬದ್ಧ ವಾಸದ ದಾಖಲೆ ತೋರಿಸಲಾಗದವರಿಗೂ ಸಾಮಾನ್ಯ ಚಾಲನಾ ಪರವಾನಗಿ ಕೊಡಬಹುದೆಂಬ ಮಸೂದೆಯನ್ನು ಆ ವರ್ಷ ಶಾಸನಸಭೆ ಒಪ್ಪಿತ್ತು. ಗವರ್ನರ್ ಚಾರ್ಲಿ ಬೇಕರ್ ಮೇ ತಿಂಗಳಲ್ಲಿ ಅದನ್ನು ತಿರಸ್ಕರಿಸಿದರು. ಜೂನ್‌ನಲ್ಲಿ ಶಾಸನಸಭೆ ಅವರ ತಿರಸ್ಕಾರವನ್ನೇ ತಳ್ಳಿಹಾಕಿತು. ವಿರೋಧಿಗಳು ಸಹಿ ಸಂಗ್ರಹಿಸಿ ಅದನ್ನು ಜನರ ಮುಂದೆ ತಂದರು: ನಾಲ್ಕನೆಯ ಪ್ರಶ್ನೆ, ಕಾನೂನು ಉಳಿಯಲೋ ಬೇಡವೋ. ವಿರೋಧದ ಒಂದು ಮುಖ್ಯ ವಾದ ಮತದಾರರ ಪಟ್ಟಿಯದೇ. 2020ರಿಂದ ರಿಜಿಸ್ಟ್ರಿಯಲ್ಲಿ ಪರವಾನಗಿ ಮಾಡಿಸುವ ಅರ್ಹರ ಹೆಸರು ತಾನಾಗಿ ಪಟ್ಟಿಗೆ ಹೋಗುತ್ತದೆ. ಈ ದಾರಿಯಲ್ಲಿ ಪೌರರಲ್ಲದವರೂ ನುಸುಳಿದರೆ?

ಮನೆಯಲ್ಲಿ ಜಗಳವಾಯಿತು. ನಮ್ಮವರದು ಒಂದೇ ಮಾತು: ‘ನಾವು ಹದಿನಾರು ವರ್ಷ ಸಾಲಿನಲ್ಲಿ ನಿಂತೆವು.’ ನಿಂತದ್ದು ನಿಜ, ಕಾಲು ನೋವು ನನಗೂ ಇದೆ. ಆದರೆ ನಾನು ಅಂಗಡಿಯಲ್ಲಿ ಕುಳಿತು ನೋಡಿದ್ದೆ. ಮಾಡಿಗೆ ಹಂಚು ಹೊದಿಸುವವನೊಬ್ಬ ಬಂದು, ದುಡ್ಡು ಎಣಿಸಿ ಕೊಟ್ಟು, ಕಾಗದದ ಮೇಲೆ ಸಹಿ ಹಾಕಲು ಬೇರೆಯವನನ್ನು ಮುಂದೆ ತಳ್ಳುತ್ತಾನೆ. ಕಾರು ಓಡಿಸಿಕೊಂಡು ಹೋಗುವವನು ಇವನೇ. ನನ್ನ ಪುಸ್ತಕದಲ್ಲಿ ಅವನ ಹೆಸರಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇನ್ನು ಪಟ್ಟಿಯ ಹೆದರಿಕೆಗೆ ಬಂದರೆ, ವರ್ಷಗಟ್ಟಲೆ ನನ್ನ ಬಳಿ ಚಾಲನಾ ಪರವಾನಗಿ ಇತ್ತು, ಮತವಿರಲಿಲ್ಲ. ಎರಡನ್ನೂ ಯಾರೂ ಬೆರೆಸಲಿಲ್ಲ. ಕೊನೆಗೆ ಅವರ ಮತ ಒಂದು ಕಡೆ, ನನ್ನದು ಇನ್ನೊಂದು ಕಡೆ. ಸುಮಾರು ನೂರಕ್ಕೆ 54 ಮತ ಪಡೆದು ಕಾನೂನು ಉಳಿಯಿತು. 2023ರ ಜುಲೈ 1ರಿಂದ ಜಾರಿಗೆ ಬಂತು.

ಅದಿರಲಿ, ಆ ಬೆಳಿಗ್ಗೆ. ಇಲ್ಲಿ ಮತಗಟ್ಟೆ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ. ನಾನು ಅಭ್ಯಾಸಬಲದಿಂದ ಶಾಲೆಯ ಕಡೆಗೇ ಹೆಜ್ಜೆ ಹಾಕಿದ್ದೆ. ಎದುರು ಮನೆಯ ಗೆಳತಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, ‘ಅದು ನನ್ನದು, ನಿನ್ನದು ಆ ಕಡೆ’ ಎಂದು ಕೂಗಿದಳು. ಗೆರೆ ಎಳೆಯುವಾಗ ಆ ಸಭಾಂಗಣದಲ್ಲಿ ಕುಳಿತಿದ್ದವಳು ನಾನು, ನೆನಪಿಟ್ಟುಕೊಂಡವಳು ಅವಳು.

ಹಿರಿಯರ ಭವನದಲ್ಲಿ ಮೇಜಿನ ಹಿಂದೆ ಇಬ್ಬರು. ಹಾಳೆಗಳ ದೊಡ್ಡ ಕಟ್ಟು. ನಾನು ಹೆಸರು ಹೇಳಿ, ವರ್ಷಗಳಿಂದ ಮಾಡಿಕೊಂಡು ಬಂದಂತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಲು ಶುರು ಮಾಡಿದೆ. ‘ಹೆಸರು ಆಮೇಲೆ. ಮೊದಲು ಬೀದಿ’ ಎಂದರು. ಇಲ್ಲಿನ ಪಟ್ಟಿ ಹೆಸರಿನ ಕ್ರಮದಲ್ಲಿಲ್ಲ, ಬೀದಿ ಮತ್ತು ಮನೆಯ ಸಂಖ್ಯೆಯ ಕ್ರಮದಲ್ಲಿದೆ. ಬೀದಿ ಹೇಳಿದೆ, ಸಂಖ್ಯೆ ಹೇಳಿದೆ. ಬೆರಳು ಇಳಿದು ನಿಂತಿತು. ಬಾಯಿಬಿಡುವ ಮೊದಲೇ ಆಕೆ ನನ್ನ ಹೆಸರನ್ನು, ಸ್ವಲ್ಪ ಮುರಿದು, ಓದಿದರು. ಕೆಂಪು ಗೆರೆ ಎಳೆದರು. ಕಾಗದದ ಮತಪತ್ರ, ಕಪ್ಪು ಪೆನ್ನು, ತುಂಬಬೇಕಾದ ಮೊಟ್ಟೆಯಾಕಾರದ ಮನೆಗಳು. ಕೊನೆಗೆ ಅದನ್ನು ನಾವೇ ಯಂತ್ರದ ಬಾಯಿಗೆ ಕೊಡಬೇಕು. ಯಂತ್ರದ ಮೇಲೆ ಒಂದು ಅಂಕಿ ಇರುತ್ತದೆ. 86 ಇದ್ದದ್ದು ನನ್ನ ಕಣ್ಣ ಮುಂದೆ 87 ಆಯಿತು. ವೃತ್ತಿಯಿಂದ ನಾನು ದಿನಕ್ಕೆ ನೂರು ಕೂಡಿಸುವವಳು; ಆ ಒಂದನ್ನು ಮಾತ್ರ ನಿಂತು ನೋಡಿದೆ. ಹಿಂದಿನವರು ಕೆಮ್ಮಿದರು.

ಅತ್ತೆ ಈಗ ನಮ್ಮ ಜೊತೆಗಿದ್ದಾರೆ. 2024ರಲ್ಲಿ ಗ್ರೀನ್ ಕಾರ್ಡಿನ ಮೇಲೆ ಬಂದರು. ಆ ಚಳಿಗಾಲವೂ ಡಿಸೆಂಬರಿನಲ್ಲಿ ಕ್ಲಾಸ್ ಟೂ ನವೀಕರಣವಾಯಿತು; ಎಲ್ಲ ಅಂಗಡಿಗಳದ್ದನ್ನೂ ಒಟ್ಟಿಗೇ ಒಪ್ಪಿದರು. ಸದಸ್ಯೆ ನನ್ನತ್ತ ನೋಡಿ ಎರಡು ಬೆರಳೆತ್ತಿ ಹುಬ್ಬು ಹಾರಿಸಿದರು, ಇಪ್ಪತ್ತೇ ತಾನೇ ಎಂಬಂತೆ. ಹತ್ತೊಂಬತ್ತು ಎಂದು ಬಾಯಾಡಿಸಿದೆ.

ಜನವರಿಯಲ್ಲಿ ಊರಿನ ವಾರ್ಷಿಕ ಗಣತಿಯ ನಮೂನೆ ಅಂಚೆಯಲ್ಲಿ ಬಂತು. ಇದು ಹತ್ತು ವರ್ಷದ್ದಲ್ಲ, ಪ್ರತಿ ವರ್ಷದ್ದು. ಉತ್ತರಿಸದ ಮತದಾರರ ಹೆಸರು ನಿಷ್ಕ್ರಿಯ ಪಟ್ಟಿಗೆ ಜಾರುತ್ತದೆ. ಹದಿನೇಳು ದಾಟಿದ ಎಲ್ಲರ ಹೆಸರು, ಹುಟ್ಟಿದ ದಿನ, ಉದ್ಯೋಗ, ರಾಷ್ಟ್ರೀಯತೆ ಬರೆಯಬೇಕು. ಅತ್ತೆ ಪಕ್ಕದಲ್ಲೇ ಕುಳಿತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

‘ನನ್ನ ಹೆಸರೂ ಬರೆದೆಯಾ?’

‘ಬರೆದೆ ಅತ್ತೆ.’

‘ಹಾಗಾದರೆ ನಾನೂ ಓಟು ಹಾಕಬಹುದು.’

‘ಇಲ್ಲ, ಅದಕ್ಕೆ ಬಂದು ಐದು ವರ್ಷ ಆಗಿ ಪೌರತ್ವ ಸಿಗಬೇಕು. ಇದು ಸುಮ್ಮನೆ ಎಣಿಸುವುದಕ್ಕೆ.’

ಅವರು ಒಂದು ಕ್ಷಣ ಕಾಯಿ ಬಿಟ್ಟು ನಮೂನೆಯತ್ತ ಬಗ್ಗಿದರು. ಕೆಳಗಿನ ಚೌಕ ಏನೆಂದು ಕೇಳಿದರು. ಮನೆಯಲ್ಲಿ ನಾಯಿಗಳೆಷ್ಟು ಎಂಬ ಪ್ರಶ್ನೆ ಎಂದೆ. ನಾಯಿಗೆ ಪ್ರತಿ ವರ್ಷ ಊರಿನ ಲೈಸೆನ್ಸ್ ಮಾಡಿಸಬೇಕು, ಎದುರು ಮನೆಯ ನಾಯಿಯ ಕೊರಳಲ್ಲಿ ಕಿಣಿಕಿಣಿ ಎನ್ನುವುದು ಅದೇ ಬಿಲ್ಲೆ ಎಂದೂ ಹೇಳಿದೆ.

‘ಅದಕ್ಕೆ ಬಿಲ್ಲೆಯಾದರೂ ಕೊಟ್ಟಿದ್ದಾರೆ’ ಎಂದು ಅತ್ತೆ ಮತ್ತೆ ನಾರು ತೆಗೆಯತೊಡಗಿದರು. ನಾನು ಆ ಚೌಕದಲ್ಲಿ ಸೊನ್ನೆ ಬರೆದು, ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಿದೆ.